ಮಗ್ಗುಲು ಬದಲಿಸುವ ಕೆಲಸ

ಈ ಸಲ ಮೂರು ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಉತ್ತರ ಬರೆಯುತ್ತಿದ್ದೇನೆ. ಒಂದು ಮಲೆನಾಡಿನದು, ಒಂದು ಹುಬ್ಬಳ್ಳಿಯದು, ಇನ್ನೊಂದು ಮಂಡ್ಯ ಕಡೆಯದು. ಬರೆದವರಿಗೆ ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲ. ಆದರೂ ಮೂವರೂ 'ಪಾಪ' ಅನ್ನುವ ಒಂದೇ ಮಾತಿನ ಸುತ್ತ ಬರೆದಿದ್ದಾರೆ. ಗುರುತು ಸಿಗಬಾರದೆಂದು ಹೆಸರು, ಊರು ಬಿಟ್ಟಿದ್ದೇನೆ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನನಗೆ 51 ವರ್ಷ. ಕೊಪ್ಪ ತಾಲ್ಲೂಕು. ಅಪ್ಪ ಮಾಡಿಟ್ಟು ಹೋದ ಮೂರು ಎಕರೆ ಅಡಿಕೆ ತೋಟವೇ ನಮ್ಮ ಜೀವನ. ಹತ್ತು ವರ್ಷದ ಹಿಂದೆ 25 ಕ್ವಿಂಟಾಲ್ ಅಡಿಕೆ ಆಗುತ್ತಿತ್ತು. ಹಳದಿ ಎಲೆ ರೋಗ ಬಂತು. ಕಳೆದ ವರ್ಷ 5 ಕ್ವಿಂಟಾಲ್ ಕೂಡ ದಾಟಲಿಲ್ಲ. ಸೊಸೈಟಿ ಸಾಲ ಹಾಗೇ ಇದೆ. ತಮ್ಮ ಬೆಂಗಳೂರಿನಲ್ಲಿ ಒಳ್ಳೆ ಕೆಲಸದಲ್ಲಿದ್ದಾನೆ. ಹೋದ ತಿಂಗಳು ಹೊಸ ಕಾರಿನಲ್ಲಿ ಬಂದಿದ್ದ. ಅವನು ಹೊರಟ ಮೇಲೆ ಎರಡು ದಿನ ನಾನು ತೋಟಕ್ಕೆ ಇಳಿಯಲಿಲ್ಲ. ಜಗುಲಿಯಲ್ಲಿ ಕೂತು 'ನನಗೇ ಯಾಕೆ ಹೀಗೆ, ನಾನು ಯಾರಿಗೆ ಏನು ಮಾಡಿದ್ದೆ' ಅಂತ ಅದನ್ನೇ ಯೋಚಿಸುತ್ತೇನೆ. ಹೆಂಡತಿ ಮೊದಮೊದಲು ಸಮಾಧಾನ ಮಾಡುತ್ತಿದ್ದಳು. ಈಗ 'ಮತ್ತೆ ಶುರುವಾಯ್ತಾ' ಅಂತ ಎದ್ದು ಒಳಗೆ ಹೋಗುತ್ತಾಳೆ. ಮನೆಗೆ ಬಂದವರು 'ಕಷ್ಟ ಮನುಷ್ಯರಿಗೆ ಬರದೆ ಮರಕ್ಕೆ ಬರುತ್ತಾ' ಅಂತಾರೆ. ಅಕ್ಕಾ, ನಮ್ಮಲ್ಲಿ ಮರಕ್ಕೇ ಬಂದಿರೋದು. ಗಂಡಸಾಗಿ ನನ್ನ ಬಗ್ಗೆ ನಾನೇ ಅಯ್ಯೋ ಅಂದುಕೊಳ್ಳುವುದು ನಾಚಿಕೆ ಅನ್ನಿಸುತ್ತದೆ. ಇದನ್ನು ಬಿಡುವುದು ಹೇಗೆ?

ಉತ್ತರ: 'ನಮ್ಮಲ್ಲಿ ಮರಕ್ಕೇ ಬಂದಿರೋದು' ಅನ್ನುವ ಸಾಲು ಓದಿ ನಿಮ್ಮ ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆ ಗಾದೆಯನ್ನು ನಾನೂ ಎಷ್ಟೋ ಜನಕ್ಕೆ ಹೇಳಿದ್ದೇನೆ. ಇನ್ನು ಹೇಳುವುದಿಲ್ಲ.

ಮೊದಲು ನಾಚಿಕೆಯ ವಿಷಯ. ನಿಮಗೆ ಆಗಿರುವುದು ನಿಜವಾದ ನಷ್ಟ. ಅಪ್ಪ ನೆಟ್ಟ ಮರದ ಸೋಗೆ ಒಂದೊಂದಾಗಿ ಹಳದಿಯಾಗುವುದನ್ನು ದಿನಾ ನೋಡುತ್ತಾ ಬದುಕುವುದು ಸಣ್ಣ ವಿಷಯ ಅಲ್ಲ. ಮನೆಯಲ್ಲಿ ವಾಸಿಯಾಗದ ರೋಗಿಯನ್ನು ಇಟ್ಟುಕೊಂಡ ಹಾಗೆ ಅದು. 'ನಾನು ಯಾರಿಗೆ ಏನು ಮಾಡಿದ್ದೆ' ಅಂತ ಕೇಳಿದ್ದೀರಿ. ಏನೂ ಮಾಡಿಲ್ಲ. ಕೇರಳದಲ್ಲಿ ಈ ರೋಗ ಕಾಣಿಸಿಕೊಂಡು ನೂರು ವರ್ಷ ದಾಟಿದೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ಸುಳ್ಯದ ಕಡೆಯ ಎಷ್ಟೋ ತೋಟಗಳು ದಶಕಗಳಿಂದ ಇದರಲ್ಲಿ ನರಳುತ್ತಿವೆ. ಫೈಟೋಪ್ಲಾಸ್ಮಾ ಎಂಬ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಯನ್ನು ರಸ ಹೀರುವ ಒಂದು ಸಣ್ಣ ಕೀಟ ಮರದಿಂದ ಮರಕ್ಕೆ ಒಯ್ಯುತ್ತದೆ. ಕಾಸರಗೋಡು, ವಿಟ್ಲದ ಸಂಶೋಧನಾ ಕೇಂದ್ರಗಳಲ್ಲಿ ವಿಜ್ಞಾನಿಗಳು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಆದರೂ ಪೂರ್ತಿ ವಾಸಿ ಮಾಡುವ ಔಷಧಿ ಸಿಕ್ಕಿಲ್ಲ. ಆ ಕೀಟ ತೋಟದ ಯಜಮಾನನ ಪಾಪ ಪುಣ್ಯ ನೋಡಿ ಮರದ ಮೇಲೆ ಕೂರುವುದಿಲ್ಲ ತಮ್ಮಾ. ದುಃಖ ಪಡುವುದಕ್ಕೆ ನಿಮಗೆ ಪೂರ್ತಿ ಹಕ್ಕಿದೆ. ಗಂಡಸು ಹೆಂಗಸು ಅನ್ನುವ ಲೆಕ್ಕ ಇಲ್ಲಿ ಬೇಡ.

ಆದರೆ ದುಃಖ ಪಡುವುದು ಒಂದು, ಜಗುಲಿಯಲ್ಲಿ ಕೂತು ಅದನ್ನೇ ಅರೆಯುವುದು ಇನ್ನೊಂದು. ಇವೆರಡರ ಮಧ್ಯದ ವ್ಯತ್ಯಾಸ ನನಗೆ ಗೊತ್ತಾಗಿದ್ದು ತಡವಾಗಿ, ಅದೂ ನನ್ನ ಮನೆಯಲ್ಲೇ. ಅದನ್ನು ಹೇಳುತ್ತೇನೆ.

ನಾನು 34 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ವಾರ್ಡಿಗೆ ರೋಗಿಯನ್ನು ನೋಡಲು ಬರುವವರನ್ನು ದಿನಾ ನೋಡಿದ್ದೇನೆ. ಬಾಗಿಲ ಹತ್ತಿರ ನಿಂತು 'ಅಯ್ಯೋ ಪಾಪ' ಅಂತಾರೆ. ಬ್ರೆಡ್ಡು, ಕಿತ್ತಳೆ ಹಣ್ಣು ಮೇಜಿನ ಮೇಲೆ ಇಡುತ್ತಾರೆ. ಹೋಗುತ್ತಾರೆ. ಅವರ ಮರುಕ ಸುಳ್ಳಲ್ಲ. ಆದರೆ ಅಲ್ಲಾಡಲು ಆಗದೆ ಮಲಗಿರುವ ರೋಗಿಗೆ ಬೇಕಾದದ್ದು ಬೇರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನು ಒರೆಸಬೇಕು. ಹಿಮ್ಮಡಿ ಹಾಸಿಗೆಗೆ ತಾಗದಂತೆ ದಿಂಬು ಕೊಡಬೇಕು. ಒಂದೇ ಮಗ್ಗುಲಲ್ಲಿ ಬಿಟ್ಟರೆ ಮೂಳೆ ಒತ್ತುವ ಜಾಗದಲ್ಲಿ ರಕ್ತ ಓಡುವುದಿಲ್ಲ. ಮೊದಲು ಚರ್ಮ ಕೆಂಪಾಗುತ್ತದೆ. ಆಮೇಲೆ ಬಿರಿಯುತ್ತದೆ. ಹಾಸಿಗೆ ಹುಣ್ಣು ಒಮ್ಮೆ ಆಳಕ್ಕೆ ಇಳಿದರೆ ಮಾಯಲು ತಿಂಗಳುಗಳು ಬೇಕು. ಎಷ್ಟೋ ಸಲ ಮೂಲ ರೋಗಕ್ಕಿಂತ ಈ ಹುಣ್ಣೇ ಜಾಸ್ತಿ ಕಾಡುತ್ತದೆ.

2009ರಲ್ಲಿ ನಮ್ಮ ಯಜಮಾನರಿಗೆ ಪಾರ್ಶ್ವವಾಯು ಹೊಡೆಯಿತು. ಅವರಿಗೆ 53 ವರ್ಷ. ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿ ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ನಾನು ಹಗಲು ಡ್ಯೂಟಿ ಮಾಡಿ, ಸಂಜೆ ಮನೆಗೆ ಬಂದು ಅವರ ಕೆಲಸ ಮಾಡುತ್ತಿದ್ದೆ. ನೋಡಲು ಬಂದವರೆಲ್ಲ 'ನೀವೇ ನರ್ಸು, ನಿಮಗೇನು ಕಷ್ಟ ಬಿಡಿ' ಅನ್ನುತ್ತಿದ್ದರು. ಆ ಮಾತು ನನಗೆ ಎಷ್ಟು ಚುಚ್ಚುತ್ತಿತ್ತು ಅಂದರೆ ರಾತ್ರಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಲೆಕ್ಕ ಹಾಕುತ್ತಿದ್ದೆ. ನಾದಿನಿ ಕಾಶಿಗೆ ಹೋಗಿ ಬಂದಳು. ನನ್ನ ಜೊತೆ ಕೆಲಸಕ್ಕೆ ಸೇರಿದವಳನ್ನು ಗಂಡ ಸ್ಕೂಟರಿನಲ್ಲಿ ಡ್ಯೂಟಿಗೆ ಬಿಟ್ಟು ಹೋಗುತ್ತಾನೆ. ಎದುರು ಮನೆಯವರು ಸಂಜೆ ಇಬ್ಬರೂ ಸೇರಿ ವಾಕಿಂಗ್ ಹೋಗುತ್ತಾರೆ. ಯಾರಿಗೆ ಏನು ಸಿಕ್ಕಿತು, ನನಗೆ ಏನು ಸಿಗಲಿಲ್ಲ. ದಿನಾ ಅದೇ ಪುಟ. ಬೇರೆಯವರ ಮನೆಯೊಳಗಿನ ಕಷ್ಟ ಆ ಲೆಕ್ಕದಲ್ಲಿ ಬರುತ್ತಲೇ ಇರಲಿಲ್ಲ. ಎದುರು ಮನೆಯವರ ಮಗ ಎರಡು ವರ್ಷದಿಂದ ಮನೆಗೇ ಬಂದಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಬರೆದುಕೊಳ್ಳುತ್ತಿರಲಿಲ್ಲ.

ಐದು ತಿಂಗಳು ಹೀಗೇ ಹೋಯಿತು. ಒಂದು ಮಧ್ಯಾಹ್ನ ವಾರ್ಡಿನಲ್ಲಿ ಒಂದು ಮಗುವಿನ ತಾಯಿ ಡ್ರಿಪ್ ಯಾವಾಗ ಮುಗಿಯುತ್ತೆ ಅಂತ ಎರಡನೇ ಸಲ ಕೇಳಿದಳು. ನಾನು ಆ ಹೆಣ್ಣುಮಗಳ ಮೇಲೆ ಕಿರುಚಿಬಿಟ್ಟೆ. ನನ್ನ ಅಷ್ಟು ವರ್ಷದ ಕೆಲಸದಲ್ಲಿ ನಾನು ಹಾಗೆ ಮಾಡಿರಲಿಲ್ಲ. ನಮ್ಮ ವಾರ್ಡಿನ ಆಯಾ, ನನಗಿಂತ ಹತ್ತು ವರ್ಷ ದೊಡ್ಡವರು, ನನ್ನನ್ನು ಡ್ರೆಸ್ಸಿಂಗ್ ರೂಮಿಗೆ ಕರೆದುಕೊಂಡು ಹೋದರು. 'ಊಟ ಆಯ್ತಾ?' ಅಂದರು. 'ನನ್ನ ಊಟ ಯಾರಿಗೆ ಬೇಕು' ಅಂದೆ. ಅವರು ತಮ್ಮ ಡಬ್ಬಿ ತೆಗೆದರು. ಅಕ್ಕಿ ರೊಟ್ಟಿ, ಕಳಲೆ ಪಲ್ಯ. ನಾನು ತಿಂದು ಮುಗಿಸುವವರೆಗೆ ಒಂದು ಮಾತೂ ಆಡದೆ ಎದುರು ನಿಂತಿದ್ದರು. ಆಮೇಲೆ ಹೇಳಿದರು: 'ರೋಗಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿಲ್ಲ ಅಂತ ನಮಗೆ ಬೈತೀರಿ. ನೀವು ಐದು ತಿಂಗಳಿಂದ ಒಂದೇ ಮಗ್ಗುಲಲ್ಲಿ ಮಲಗಿದೀರಲ್ಲಕ್ಕಾ.'

ಅವತ್ತು ನನಗೆ ಹೊಳೆದದ್ದು ಇಷ್ಟು. ನಾನು ನನ್ನದೇ ಮಂಚದ ಹತ್ತಿರ ನಿಂತು 'ಅಯ್ಯೋ ಪಾಪ' ಅಂತ ಹೇಳಿ ಹೋಗುವ ನೆಂಟಳಾಗಿದ್ದೆ. ನನಗೆ ನಾನು ನರ್ಸ್ ಆಗಿರಲಿಲ್ಲ. ಮರುಕ ಇತ್ತು, ಆರೈಕೆ ಇರಲಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನೀವು 'ಇದನ್ನು ಬಿಡುವುದು ಹೇಗೆ' ಅಂತ ಕೇಳಿದ್ದೀರಿ. ಬಿಡಲು ಹೋಗಬೇಡಿ. ನನ್ನನ್ನು ನಾನೇ ಬೈದುಕೊಂಡಷ್ಟೂ ಅದು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಮಗ್ಗುಲು ಬದಲಿಸಿ, ಅಷ್ಟೇ. ಜಗುಲಿಯಲ್ಲಿ ಕೂತು ಅದೇ ಯೋಚನೆ ಮೂರನೇ ಸುತ್ತು ಬಂತು ಅಂತ ಗೊತ್ತಾದ ತಕ್ಷಣ ಎದ್ದು ಮೈಗೆ ಕೆಲಸ ಕೊಡಿ. ಯೋಚನೆ ನಿಲ್ಲಲಿ, ಮನಸ್ಸು ಸರಿ ಹೋಗಲಿ, ಆಮೇಲೆ ಏಳುತ್ತೇನೆ ಅಂದುಕೊಳ್ಳಬೇಡಿ. ಅದು ಉಲ್ಟಾ. ಮೊದಲು ಮೈ ಏಳಬೇಕು, ಮನಸ್ಸು ಹಿಂದೆ ಬರುತ್ತದೆ. ಮೊದಲೇ ಹಳದಿ ಮರದ ಹತ್ತಿರ ಹೋಗಬೇಡಿ, ಅಲ್ಲಿ ಹೋದರೆ ಮತ್ತೆ ಅದೇ. ಒಂದು ಗಂಟೆ ಬಸಿಗಾಲುವೆಯ ಹೂಳು ತೆಗೆಯಿರಿ. ಕಾಳುಮೆಣಸಿನ ಬಳ್ಳಿ ಕಟ್ಟಿ. ಕೊಟ್ಟಿಗೆ ತೊಳೆಯಿರಿ. ಮುಗಿದದ್ದು ಕಣ್ಣಿಗೆ ಕಾಣುವಂಥ ಸಣ್ಣ ಕೆಲಸ ಇರಲಿ.

ಇದು ಬರೀ ನನ್ನ ಅನುಭವದ ಮಾತಲ್ಲ. 1989ರ ಅಕ್ಟೋಬರ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ದೊಡ್ಡ ಭೂಕಂಪ ಆಯಿತು. ಅಲ್ಲಿನ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸೂಸನ್ ನೋಲೆನ್-ಹೋಕ್ಸೆಮಾ ಎಂಬ ಮನಶ್ಶಾಸ್ತ್ರಜ್ಞೆ ಅದಕ್ಕೆ ಕೆಲವು ದಿನ ಮೊದಲಷ್ಟೇ ವಿದ್ಯಾರ್ಥಿಗಳನ್ನು 'ಬೇಜಾರಾದಾಗ ನೀವು ಏನು ಮಾಡುತ್ತೀರಿ' ಅಂತ ಕೇಳಿ ಬರೆಸಿಕೊಂಡಿದ್ದರು. ಭೂಕಂಪ ಆದ ಮೇಲೆ ಅದೇ ವಿದ್ಯಾರ್ಥಿಗಳನ್ನು ಮತ್ತೆ ನೋಡಿದರು. ಬೇಜಾರಾದಾಗ ಕೂತು ಅದನ್ನೇ ಮೆಲುಕು ಹಾಕುವ ಅಭ್ಯಾಸ ಮೊದಲಿನಿಂದ ಯಾರಿಗಿತ್ತೋ ಅವರಲ್ಲಿ ಖಿನ್ನತೆಯ ಲಕ್ಷಣ ಜಾಸ್ತಿ ಇತ್ತು, ವಾರಗಳಾದರೂ ಇತ್ತು. ಎಲ್ಲರ ಕಾಲಡಿ ನಡುಗಿದ್ದು ಒಂದೇ ನೆಲ, ಅಲ್ವಾ?

ಇನ್ನು ನಿಮ್ಮ ಹೆಂಡತಿಯ ವಿಷಯ. ಇದನ್ನು ಹೇಳದೆ ಇರಲಾರೆ. ಇಷ್ಟು ಉದ್ದದ ಪತ್ರದಲ್ಲಿ ಅವರ ನೋವಿನ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಆ ತೋಟ ಅವರದೂ ಹೌದು. ಅಂಗಳದಲ್ಲಿ ಅಡಿಕೆ ಸುಲಿದಿದ್ದಾರೆ, ಕೆಲಸದವರಿಗೆ ಕಾಫಿ ಹೊತ್ತಿದ್ದಾರೆ, ಈಗ ಸಾಲದ ಮನೆಯಲ್ಲಿ ಅಡುಗೆ ನಡೆಸುತ್ತಿರುವವರೂ ಅವರೇ. 'ಮತ್ತೆ ಶುರುವಾಯ್ತಾ' ಅಂತ ಎದ್ದು ಒಳಗೆ ಹೋಗುವವರಿಗೆ ಕರುಣೆ ಇಲ್ಲ ಅಂತಲ್ಲ. ಅವರ ಕೊಡ ತುಂಬಿದೆ. ಒಂದು ಸಂಜೆ ಹತ್ತಿರ ಕೂತು ಕೇಳಿ, 'ನಿನಗೆ ಹೇಗಾಗ್ತಿದೆ?' ಅಂತ. ಕೇಳಿದ ಮೇಲೆ ಮಧ್ಯೆ ಬಾಯಿ ಹಾಕಬೇಡಿ. ಆಮೇಲೆ ನಿಮ್ಮದು ಹೇಳಿ, ಕಾಲು ಗಂಟೆ. ಸಲಹೆ ಬೇಡ, ಸುಮ್ನೆ ಕೇಳು ಅಂತ ಮೊದಲೇ ಹೇಳಿಬಿಡಿ. ಇಡೀ ದಿನ ಚೂರು ಚೂರಾಗಿ ಗೊಣಗುವುದನ್ನು ಇಬ್ಬರಿಗೂ ಒಪ್ಪಿಗೆಯಾದ ಒಂದು ಹೊತ್ತಿಗೆ ತಂದರೆ ಕೇಳುವವರಿಗೂ ತಾಳಿಕೊಳ್ಳಲು ಆಗುತ್ತದೆ.

ತಮ್ಮನ ಕಾರು ನಿಮ್ಮನ್ನು ಎರಡು ದಿನ ಮಲಗಿಸಿತು. ಅವನಿಗೆ ನಿಮ್ಮ ಸಾಲ ಎಷ್ಟು ಅಂತ ಗೊತ್ತಾ? ಬೆಂಗಳೂರಿಂದ ಬಂದವರಿಗೆ ಜಗುಲಿ ಕಾಣುತ್ತದೆ, ಬಿಸಿ ಕಾಫಿ ಕಾಣುತ್ತದೆ, ದೂರದಿಂದ ತೋಟ ಹಸಿರಾಗೇ ಕಾಣುತ್ತದೆ. ಒಂದು ಹಾಳೆಯಲ್ಲಿ ನಿಜವಾದ ಲೆಕ್ಕ ಬರೆಯಿರಿ: ಅಸಲು ಎಷ್ಟು, ಬಡ್ಡಿ ಎಷ್ಟು, ಈ ವರ್ಷ ಬಂದದ್ದೆಷ್ಟು, ಮನೆ ಖರ್ಚೆಷ್ಟು. ಆ ಹಾಳೆ ಹಿಡಿದು ಮೊದಲು ಸೊಸೈಟಿಯ ಕಾರ್ಯದರ್ಶಿಯ ಹತ್ತಿರ ಹೋಗಿ, ಕಂತು ಮುಂದಕ್ಕೆ ಹಾಕಲು ದಾರಿ ಇದೆಯಾ ಕೇಳಿ. ಆಮೇಲೆ ತಮ್ಮನಿಗೆ ತೋರಿಸಿ. ದುಡ್ಡು ಕೇಳಲೇಬೇಕು ಅಂತಿಲ್ಲ, ತೋರಿಸಿ. ನಿಮ್ಮ ಬೇಲಿಯ ಆಚೆಯ ತೋಟಕ್ಕೂ ಹಳದಿ ರೋಗ ಬಂದಿರುತ್ತದೆ. ಆ ಮನೆಯವರ ಹತ್ತಿರ ಕಾಫಿಗೆ ಹೋಗಿ. ಅವರು ಏನು ಹಾಕಿದ್ದಾರೆ, ಎಷ್ಟು ಮರ ತೆಗೆದಿದ್ದಾರೆ, ಕಾಫಿ ಗಿಡ ಹತ್ತಿತಾ ಕೇಳಿ. 'ನನಗೇ ಯಾಕೆ' ಅನ್ನುವ ಪ್ರಶ್ನೆಯಲ್ಲಿರುವ ಆ 'ನನಗೇ' ಅಲ್ಲಿ ಸ್ವಲ್ಪ ಸಡಿಲಾಗುತ್ತದೆ.

ಕೊನೆಯದಾಗಿ ಒಂದು ವಿಷಯ. ಇದನ್ನು ನಾನು ನರ್ಸ್ ಆಗಿ ಹೇಳುತ್ತಿದ್ದೇನೆ. ಎರಡು ವಾರಕ್ಕಿಂತ ಜಾಸ್ತಿ ದಿನ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ನಾನು ಯಾಕಾದರೂ ಇದ್ದೇನೋ ಅನ್ನಿಸುತ್ತಿದೆ ಅಂದರೆ ಅದು ಮರುಕದ ಮಾತಲ್ಲ, ಕಾಯಿಲೆ. ಸಕ್ಕರೆ ಕಾಯಿಲೆಗೆ ಔಷಧಿ ಇರುವ ಹಾಗೆ ಖಿನ್ನತೆಗೂ ಔಷಧಿ ಇದೆ, ವಾಸಿಯಾಗುತ್ತದೆ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಅದರ ಹೆಸರು. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತಲೂ ವಿಚಾರಿಸಿ. ಮತ್ತೆ ತೋಟಕ್ಕೆ ಹೊಡೆಯುವ ಔಷಧಿ ಇಟ್ಟಿರುವ ಕೋಣೆಗೆ ಇವತ್ತೇ ಬೀಗ ಹಾಕಿ, ಬೀಗದ ಕೈ ಹೆಂಡತಿಯ ಕೈಗೆ ಕೊಡಿ. ನಿಮಗೆ ಅಂಥ ಯೋಚನೆ ಇದೆ ಅಂತ ನಾನು ಹೇಳುತ್ತಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ತುರ್ತು ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಅಲ್ಲಿಗೆ ಬಂದು ಬದುಕಿ ಉಳಿದವರಲ್ಲಿ ಎಷ್ಟೋ ಜನ ನನ್ನ ಕೈ ಹಿಡಿದು, 'ಅರ್ಧ ಗಂಟೆ ಹೇಗೋ ಕಳೆದಿದ್ದರೆ ಸಾಕಿತ್ತು ಸಿಸ್ಟರ್' ಅಂತ ಅತ್ತಿದ್ದಾರೆ. ಆ ಅರ್ಧ ಗಂಟೆಗೆ ಒಂದು ಬೀಗ ಇರಲಿ.

ಪ್ರಶ್ನೆ: ಅಕ್ಕಾರ, ನನಗೆ 26 ವರ್ಷ. ಹುಬ್ಬಳ್ಳಿಯಲ್ಲಿ ಕೆಲಸ. ನಿಶ್ಚಿತಾರ್ಥ ಆಗಿ, ಲಗ್ನಪತ್ರಿಕೆ ಹಂಚಿ ಆದ ಮೇಲೆ ಹುಡುಗನ ಕಡೆಯವರು ಬೇಡ ಅಂದರು. ಏಳು ತಿಂಗಳಾಯಿತು. ದಿನಾ ರಾತ್ರಿ ಮೊಬೈಲಿನಲ್ಲಿ ನಿಶ್ಚಿತಾರ್ಥದ ಫೋಟೋ ನೋಡಿ ಅಳುತ್ತೇನೆ. ಯಾರಿಗೂ ಹೇಳದ ವಿಷಯ ಒಂದಿದೆ. ಹಾಗೆ ಅಳುವುದು ನನಗೆ ಒಂಥರಾ ಹಿತ ಅನ್ನಿಸುತ್ತದೆ. ಅವ್ವ, ಕಾಕು, ಆಫೀಸಿನವರು 'ಪಾಪ ಹುಡುಗಿ' ಅಂದಾಗಲೂ ಒಳಗೊಳಗೇ ಹಾಗೇ ಅನ್ನಿಸುತ್ತದೆ. ಯಾರೂ ನನಗೆ ಜಾಸ್ತಿ ಕೆಲಸ ಹೇಳುವುದಿಲ್ಲ. ಇತ್ತೀಚೆಗೆ ಒಬ್ಬರು 'ಈಗ ಆರಾಮ ಕಾಣ್ತೀಯಲ್ಲ' ಅಂದರು, ನನಗೆ ಸಿಟ್ಟು ಬಂತು. ನಾನು ಕೆಟ್ಟವಳಾ?

ಉತ್ತರ: ಅಲ್ಲ ಮಗಳೇ. ನೀನು ಬರೆದದ್ದು ಎಷ್ಟೋ ಜನರೊಳಗೆ ಇರುತ್ತದೆ, ಬಾಯಿ ಬಿಟ್ಟು ಹೇಳುವವರು ಕಡಿಮೆ.

ಅಳು ಹಿತವಾಗಿರುವುದರಲ್ಲಿ ತಪ್ಪಿಲ್ಲ. ಇಡೀ ದಿನ ಎಲ್ಲರೆದುರು ಮುಖ ಗಟ್ಟಿ ಮಾಡಿಕೊಂಡು ಓಡಾಡುತ್ತೀಯ. ರಾತ್ರಿ ಒಬ್ಬಳೇ ಆದಾಗ ನಿನ್ನನ್ನು ನೀನು ಮಡಿಲಿಗೆ ಹಾಕಿಕೊಳ್ಳುತ್ತೀಯ. ಹಿತ ಬರುವುದು ಅಲ್ಲಿಂದ. ನನ್ನ ಚಿಂತೆ ಬೇರೆ. ನಿನ್ನ ದಿನದಲ್ಲಿ ಹಿತವಾದದ್ದು ಅದೊಂದೇ ಆಗಿಬಿಟ್ಟಿದೆಯಾ ಅಂತ. ಹಾಗಾದರೆ ಆ ಗಾಯ ಮಾಯುವುದು ನಿನಗೇ ಬೇಡವಾಗುತ್ತದೆ, ಮಾಯಿದರೆ ಮಡಿಲೂ ಹೋಗುತ್ತದಲ್ಲ. 'ಆರಾಮ ಕಾಣ್ತೀಯ' ಅಂದಾಗ ಸಿಟ್ಟು ಬಂದದ್ದು ಅದಕ್ಕೇ ಅನ್ನಿಸುತ್ತದೆ ನನಗೆ.

'ಪಾಪ' ಅನ್ನುವ ಮಾತು ನಿನಗೆ ಏನು ಕೊಡುತ್ತಿದೆ ಅಂತ ಒಂದು ಸಲ ನೋಡು. ಸ್ವಲ್ಪ ವಿಶ್ರಾಂತಿ ಕೊಡುತ್ತಿದೆ. ಮದುವೆ ವಿಷಯ ಯಾರೂ ಎತ್ತದ ಹಾಗೆ ಕಾಪಾಡುತ್ತಿದೆ. ಯಾರೋ ಒಬ್ಬರು ಹತ್ತಿರ ಕೂರುವಂತೆ ಮಾಡುತ್ತಿದೆ. ಇವು ಮೂರೂ ನಿನಗೆ ಬೇಕು, ನ್ಯಾಯವಾಗಿಯೇ ಬೇಕು. ನೇರವಾಗಿ ಕೇಳುವುದನ್ನು ಕಲಿ. 'ಇವತ್ತು ನನ್ನ ಕೈಲಿ ಇದು ಆಗಲ್ಲ, ನಾಳೆ ಮಾಡ್ತೀನಿ.' 'ಅವ್ವಾ, ಈ ವರ್ಷ ನನ್ನ ಲಗ್ನದ ಮಾತು ಬೇಡ.' 'ಇವತ್ತು ರಾತ್ರಿ ನನ್ನ ಹತ್ರ ಮಲಗ್ತೀಯಾ?' ಇದನ್ನೆಲ್ಲ ಕೇಳಲು ನೀನು ಪಾಪದವಳಾಗಿಯೇ ಇರಬೇಕಾಗಿಲ್ಲ. ಮೊದಮೊದಲು ನಾಲಿಗೆ ಏಳುವುದಿಲ್ಲ. ಗಂಡನನ್ನು ಒಂದು ಗಂಟೆ ನೋಡಿಕೊಳ್ಳಿ ಅಂತ ಪಕ್ಕದ ಮನೆಯವರನ್ನು ಕೇಳಲು ನನಗೆ ಒಂದು ವರ್ಷವೇ ಬೇಕಾಯಿತು. ಅಲ್ಲಿಯವರೆಗೆ 'ನನಗೆ ಯಾರೂ ಇಲ್ಲ' ಅಂತ ಕೊರಗುತ್ತಿದ್ದೆ. ಕೇಳಿದ ದಿನ ಅವರು 'ನೀವು ಕೇಳ್ತೀರಾ ಅಂತ ಕಾಯ್ತಾ ಇದ್ವಿ' ಅಂದರು.

ಫೋಟೋ ಅಳಿಸು ಅಂತ ನಾನು ಹೇಳುವುದಿಲ್ಲ. ಅದು ನಿನ್ನ ಬದುಕಿನ ಒಂದು ದಿನ, ನೀನು ಅವತ್ತು ಖುಷಿಯಾಗಿದ್ದೆ, ಆ ಖುಷಿ ಸುಳ್ಳಲ್ಲ. ಅವನ್ನೆಲ್ಲ ಒಂದು ಪೆನ್ ಡ್ರೈವಿಗೆ ಹಾಕಿ ನಂಬಿಕೆಯ ಗೆಳತಿಯ ಕೈಗೆ ಕೊಡು. ಆರು ತಿಂಗಳು ಬಿಟ್ಟು ಬೇಕಾದರೆ ಇಸಕೋ. ಮೊಬೈಲಿನಲ್ಲಿ ಇರಬಾರದು, ಅಷ್ಟೇ. ಅಟ್ಟದ ಮೇಲೆ ಉಳಿದ ಲಗ್ನಪತ್ರಿಕೆ ಇನ್ನೂ ಇವೆಯಾ? ಇದ್ದರೆ ಅವ್ವನ ಜೊತೆ ಸೇರಿ ರದ್ದಿಗೆ ಹಾಕು. ಅವರೂ ಅದನ್ನು ನೋಡಿ ನೋಡಿ ಬೇಯುತ್ತಿರುತ್ತಾರೆ, ನಿನ್ನೆದುರು ಮುಟ್ಟಲು ಧೈರ್ಯ ಇರುವುದಿಲ್ಲ. ಅಳು ಬಂದರೆ ಅತ್ತುಬಿಡು. ಅತ್ತ ಮೇಲೆ ಮುಖ ತೊಳೆದುಕೊಂಡು ಒಂದು ಲೋಟ ಬೆಚ್ಚಗಿನ ಹಾಲು ಕುಡಿ. ಹಾಸಿಗೆಯಲ್ಲಿ ಮಲಗಿಕೊಂಡು ಅಳಬೇಡ, ಎದ್ದು ಕೂತು ಅಳು. ಮಲಗಿಕೊಂಡು ಅತ್ತರೆ ಅದು ರಾತ್ರಿಯೆಲ್ಲ ಹರಿಯುತ್ತದೆ.

ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ ಎಂಬುವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದೇ ವಿಷಯದ ಮೇಲೆ ಕೆಲಸ ಮಾಡುತ್ತಿದ್ದಾರೆ. ನಮ್ಮ ಮೇಲೆ ನಾವೇ ಕರುಣೆ ತೋರುವುದಕ್ಕೂ ನಮ್ಮ ಬಗ್ಗೆ ಮರುಕದಲ್ಲಿ ಮುಳುಗುವುದಕ್ಕೂ ಅವರು ವ್ಯತ್ಯಾಸ ಮಾಡುತ್ತಾರೆ. ಮರುಕದಲ್ಲಿ ಮುಳುಗಿದಾಗ ಲೋಕದಲ್ಲಿ ಈ ಕಷ್ಟ ನನಗೊಬ್ಬಳಿಗೇ ಅನ್ನಿಸುತ್ತದೆ. ಕರುಣೆಯಲ್ಲಿ, ಇದು ಎಷ್ಟೋ ಜನರಿಗೆ ಆಗುವಂಥದ್ದು, ಅವರಲ್ಲಿ ನಾನೂ ಒಬ್ಬಳು ಅನ್ನುವ ಅರಿವು ಇರುತ್ತದೆ. ನಿನ್ನ ಊರಲ್ಲೇ, ನಿನ್ನ ಓಣಿಯಲ್ಲೇ ಹೀಗೆ ನಿಂತುಹೋದ ಮದುವೆ ಇನ್ನೊಂದಾದರೂ ಇರುತ್ತದೆ. ಆ ಹುಡುಗಿ ಈಗ ಮೂವತ್ತೈದು ದಾಟಿರಬಹುದು. ಆಕೆಯನ್ನು ಹುಡುಕು. 'ನೀವು ಆಗ ಹ್ಯಾಂಗ ತಡಕೊಂಡ್ರಿ?' ಅಂತ ಕೇಳು. ನನ್ನ ಉತ್ತರಕ್ಕಿಂತ ಆಕೆಯ ಉತ್ತರ ನಿನಗೆ ಹತ್ತಿರ ಇರುತ್ತದೆ.

ಪ್ರಶ್ನೆ: ಮೇಡಂ, ಮಂಡ್ಯ ಹತ್ತಿರದ ಹಳ್ಳಿ ನಮ್ಮದು. ಅತ್ತೆಗೆ 70 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದು ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ನಡೆಯುತ್ತಾರೆ. ಆದರೆ ಬೆಳಗಿನಿಂದ ರಾತ್ರಿವರೆಗೆ 'ನನ್ನ ಹಣೆಬರಹ, ನನ್ನ ಯಾರೂ ಕೇಳಲ್ಲ, ದೇವರು ನನ್ನ ಯಾಕೆ ಇಟ್ಟವನೋ' ಅಂತಾರೆ. ಹತ್ತಿರವೇ ಕೂತು ಊಟ ಕೊಟ್ಟರೂ ಹಾಗೇ ಅಂತಾರೆ. ನಾನು ಏನು ಹೇಳಬೇಕು?

ಉತ್ತರ: ಏನೂ ಹೇಳಬೇಡಿ ತಂಗೀ. 'ನಾವೆಲ್ಲ ನೋಡ್ಕೊಳ್ತಾ ಇಲ್ವಾ' ಅಂತ ವಾದಕ್ಕೆ ಇಳಿದರೆ ಅವರು ತಮ್ಮ ನೋವನ್ನು ಸಾಬೀತು ಮಾಡಲು ಇನ್ನೂ ಜೋರಾಗಿ ಹೇಳುತ್ತಾರೆ. 'ಹೂಂ ಅತ್ತೆ, ಕಷ್ಟ ಆಗಿದೆ ನಿಮಗೆ' ಅಂತ ಒಂದು ಸಲ ಮನಸ್ಸಿನಿಂದ ಅನ್ನಿ, ಅಷ್ಟು ಸಾಕು.

ಬೀಳುವ ಮೊದಲು ಆ ಮನೆಯಲ್ಲಿ ಅವರು ಏನೇನು ಮಾಡುತ್ತಿದ್ದರು ಅಂತ ಯೋಚಿಸಿ. ಈಗ ಯಾರೂ ಅವರಿಗೆ ಒಂದು ಕೆಲಸವನ್ನೂ ಹೇಳುತ್ತಿಲ್ಲ. 'ನೀವು ಸುಮ್ನೆ ಕೂತ್ಕಳಿ ಅತ್ತೆ' ಅಂತೀರಿ, ಪ್ರೀತಿಯಿಂದಲೇ ಅಂತೀರಿ. ನಲವತ್ತೈದು ವರ್ಷ ಒಲೆ, ಹಟ್ಟಿ, ಹೊಲ ಅಂತ ಓಡಾಡಿದವರಿಗೆ ಆ ಮಾತು 'ನೀವು ಇನ್ನು ಬೇಡ' ಅಂತ ಕೇಳಿಸುತ್ತದೆ. ಅವರು 'ಯಾರೂ ಕೇಳಲ್ಲ' ಅನ್ನುವುದು ಊಟದ ವಿಷಯಕ್ಕಲ್ಲ ಅಂತ ನನಗೆ ಅನ್ನಿಸುತ್ತದೆ. ಉಪ್ಪು ಎಷ್ಟು ಹಾಕಲಿ, ಕಡಲೆಕಾಯಿ ಯಾವಾಗ ಕೀಳಿಸಲಿ ಅಂತ ಅವರನ್ನು ಯಾರೂ ಕೇಳುತ್ತಿಲ್ಲ.

ನಮ್ಮ ಯಜಮಾನರಿಗೆ ಮಾತು ಹೋದ ಮೇಲೆ 'ನೀರು' ಅನ್ನಲು ಬರುತ್ತಿರಲಿಲ್ಲ. ಒಂದು ದಿನ ಮನೆ ಹತ್ತಿರ ಯಕ್ಷಗಾನ ಇತ್ತು. ಚೆಂಡೆ ಕೇಳಿಸಿತು. ಭಾಗವತರು ಎತ್ತಿದ ಪದವನ್ನು ಇವರು ಮಲಗಿದಲ್ಲೇ ಅವರ ಜೊತೆ ಹಾಡಿದರು. ಮಾತುಗಳೂ ಸರಿಯಾಗಿದ್ದವು. ನಾನು ಕೈಯಲ್ಲಿದ್ದ ತಟ್ಟೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಎಡ ಮೆದುಳಿಗೆ ಪೆಟ್ಟಾಗಿ ಮಾತು ಹೋದ ಕೆಲವರಿಗೆ ಹಾಡು ಉಳಿದಿರುತ್ತದೆ. ಓದುವಾಗ ತಿಳಿದಿದ್ದೆ, ಮನೆಯಲ್ಲಿ ಮರೆತಿದ್ದೆ. ಅವತ್ತಿನಿಂದ ದಿನಾ ಸಂಜೆ ಪಕ್ಕದ ಮನೆಯ ಹುಡುಗ ಬಂದು ಅವರಿಂದ ಪದ ಹೇಳಿಸಿಕೊಳ್ಳುತ್ತಿದ್ದ. ಅವರು ಇನ್ನೂ ಏಳು ವರ್ಷ ಇದ್ದರು. ಕೈ ಬರಲಿಲ್ಲ, ಮಾತೂ ಪೂರ್ತಿ ಬರಲಿಲ್ಲ. ಆದರೆ ಸಂಜೆ ನಾಲ್ಕಾದರೆ ಬಾಗಿಲ ಕಡೆ ನೋಡುತ್ತಿದ್ದರು, ಶಿಷ್ಯ ಬಂದನಾ ಅಂತ.

ನಿಮ್ಮ ಅತ್ತೆಯ ಕೈ ಚೆನ್ನಾಗಿದೆ, ಕಣ್ಣು ಚೆನ್ನಾಗಿದೆ. ವೈದ್ಯರು ಹೇಳಿಕೊಟ್ಟ ವ್ಯಾಯಾಮ ತಪ್ಪಿಸಬೇಡಿ, ದಿನಕ್ಕೆ ನಾಲ್ಕು ಸಲ ವಾಕರ್ ಹಿಡಿದು ಅಂಗಳದವರೆಗೆ ಬರಲಿ, ಬಚ್ಚಲಿಗೆ ಹಿಡಿಕೆ ಹಾಕಿಸಿ. ಅವರೆಕಾಯಿ ಕಾಲ ಬಂದಾಗ ಬುಟ್ಟಿ ತುಂಬ ಕಾಯಿ ತಂದು ಅವರ ಎದುರು ಇಡಿ. ನೆನೆಸಿದ ಕಾಳು ಹಿತಕುವ ಕೆಲಸ ಪೂರ್ತಿ ಅವರದೇ ಇರಲಿ. ನಿಧಾನವಾದರೆ ಆಗಲಿ, ನೀವು ಕೈ ಹಾಕಿ ಬೇಗ ಮುಗಿಸಬೇಡಿ. ಸಾರಿಗೆ ಮಸಾಲೆ ಏನೇನು, ಎಷ್ಟೆಷ್ಟು ಅಂತ ಅವರ ಬಾಯಿಂದಲೇ ಕೇಳಿ, ಅವರು ಹೇಳಿದ ಹಾಗೇ ಹಾಕಿ. ಖಾರ ಜಾಸ್ತಿ ಆಯಿತು ಅಂತ ಅವರು ನಿಮ್ಮನ್ನು ಬೈದರೆ ನನಗೊಂದು ಕಾಗದ ಹಾಕಿ. ಆ ಕಾಗದಕ್ಕೆ ನಾನು ಕಾಯುತ್ತಿರುತ್ತೇನೆ.